ಸಂಪಿನ ಮಣ್ಣನ್ನು ಹೊರಗೆ ಸಾಗಿಸಬೇಡಿ

ತುಮಕೂರಿನ ಹೊಸ ಬಡಾವಣೆಯೊಂದರಲ್ಲಿ 30×40 ಸೈಟಿನ ಮೇಲೆ ಮನೆ ಕಟ್ಟಿಸಿದವಳು ನಾನು. ಎಂಜಿನಿಯರ್ ಅಲ್ಲ, ನಿವೃತ್ತ ಶಿಕ್ಷಕಿ. ಎಸಿ ಬೇಡ, ಟ್ಯಾಂಕರಿಗೆ ಕಾಯುವುದೂ ಬೇಡ ಎಂಬ ಹಟವಷ್ಟೇ ಇತ್ತು.

ನಕ್ಷೆ ಬರೆಸುವ ಮೊದಲು, ಏಪ್ರಿಲ್‌ನಲ್ಲಿ ಒಂದು ದಿನ ಸಂಜೆ ನಾಲ್ಕಕ್ಕೆ ಸೈಟಿನಲ್ಲಿ ನಿಂತು ನೋಡಿ. ಪಡುವಣ ಬಿಸಿಲು ಓರೆಯಾಗಿ ಬೀಳುತ್ತದೆ. ಕಿಟಕಿಯ ಸಜ್ಜಾ ಎಷ್ಟು ಚಾಚಿದರೂ ಅದರಡಿಯಲ್ಲಿ ನುಸುಳಿ ಒಳಗೆ ಬರುತ್ತದೆ. ಆ ಗೋಡೆಗೆ ಮೆಟ್ಟಿಲು, ಬಚ್ಚಲು, ಉಗ್ರಾಣ ಇರಲಿ. ದಕ್ಷಿಣದ ಕಿಟಕಿಗಾದರೆ ಎರಡಡಿ ಸಜ್ಜಾ ಸಾಕು. ನೈಋತ್ಯದಲ್ಲೇ ಯಜಮಾನರ ಕೋಣೆ ಇರಬೇಕೆಂದು ವಾಸ್ತುವಿನವರು ಹೇಳಿದರು. ನಮ್ಮ ಯಜಮಾನರು ಸೆಕೆ ತಾಳುವವರಲ್ಲ. ಕೋಣೆ ಉತ್ತರಕ್ಕೆ ಹೋಯಿತು.

ಇನ್ನು ಮಣ್ಣು. ಸಂಪು, ಪಾಯ ಅಗೆದ ಕೆಂಪು ಮಣ್ಣನ್ನು ದುಡ್ಡು ಕೊಟ್ಟು ಹೊರಗೆ ಸಾಗಿಸುತ್ತಾರೆ, ಆಮೇಲೆ ದುಡ್ಡು ಕೊಟ್ಟು ಇಟ್ಟಿಗೆ ತರುತ್ತಾರೆ! ಆ ಮಣ್ಣಿನಲ್ಲೇ ಇಟ್ಟಿಗೆ ಮಾಡಿಕೊಳ್ಳಬಹುದು. ಬೇರು, ಗೊಬ್ಬರವಿರುವ ಮೇಲ್ಮಣ್ಣನ್ನು ಗಿಡಗಳಿಗೆ ತೆಗೆದಿಡಿ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ನಡುವೆ ನುಣ್ಣನೆಯ ಹೂಳು, ಮೇಲೆ ಜೇಡಿ ಪದರಪದರವಾಗಿ ಕಾಣುತ್ತದೆ. ಜೇಡಿ ಜಾಸ್ತಿಯಾಗಿದ್ದರೆ ಕಲ್ಲುಪುಡಿ ಬೆರೆಸಬೇಕು. ಎರೆಮಣ್ಣಾದರೆ ಈ ಆಸೆ ಬಿಡಿ. ಶೇ 7–8ರಷ್ಟು ಸಿಮೆಂಟು ಕಲಸಿ ಕೈಯಂತ್ರದಲ್ಲಿ ಒತ್ತಿದರೆ ಇಟ್ಟಿಗೆ ಸಿದ್ಧ, ಸುಡಲು ಸೌದೆ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಪಳಗಿಸಿದ ವಿದ್ಯೆ ಇದು.

ಒತ್ತಿದ ಇಟ್ಟಿಗೆಗಳಿಗೆ ಮೂರು ವಾರ ಗೋಣಿತಾಟು ಹೊದಿಸಿ ನೀರುಣಿಸಲೇಬೇಕು. ನಮ್ಮ ಮೇಸ್ತ್ರಿ ಅವಸರಪಟ್ಟು ಮೊದಲ ಕಂತನ್ನು ವಾರಕ್ಕೇ ಎತ್ತಿಸಿದರು. ಉಗುರಿನಿಂದ ಕೆರೆದರೆ ಅಂಚು ಪುಡಿಯಾಗಿ ಉದುರಿತು. ಅವೆಲ್ಲ ಹೂವಿನ ಪಾತಿಯ ಕಟ್ಟೆಯಾದವು.

ತಾರಸಿಗೆ ಫಿಲ್ಲರ್ ಸ್ಲ್ಯಾಬ್ ಕೇಳಿ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದು ಕಡಿಮೆ. ಆ ಜಾಗಕ್ಕೆ ಕಂಬಿಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಕವುಚಿ ಹಾಕುತ್ತಾರೆ. ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಲನ್ನು ತಡೆಯುತ್ತದೆ. ಹೆಂಚನ್ನು ನೆನೆಸಿಟ್ಟೇ ಬಳಸಿ, ಇಲ್ಲವಾದರೆ ಕಾಂಕ್ರೀಟಿನ ನೀರನ್ನು ಕುಡಿದುಬಿಡುತ್ತದೆ. ಕಂಬಿಯ ಲೆಕ್ಕ ಮಾತ್ರ ಎಂಜಿನಿಯರದೇ ಆಗಿರಲಿ. ಮೇಲೆ ಬಿಳಿ ಸುಣ್ಣ ಬಳಿಯಿರಿ.

ಸಾವಿರ ಚದರಡಿ ತಾರಸಿಯ ಮೇಲೆ 1 ಸೆಂ.ಮೀ. ಮಳೆಯಾದರೆ, ಪೋಲಾದದ್ದು ಕಳೆದು ಸುಮಾರು 800 ಲೀಟರ್ ಸಿಗುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಪೈಪಿಗೊಂದು ಬಿರಡೆ ಇರಲಿ. ಆಮೇಲಿನದು ಜಲ್ಲಿ, ಇದ್ದಿಲು, ಮರಳಿನ ಡ್ರಮ್ಮಿನಲ್ಲಿ ಸೋಸಿ ಸಂಪಿಗೆ ಇಳಿಯಲಿ.

ಸ್ನಾನದ ನೀರನ್ನು ಕಾಬಾಳೆ ಗಿಡಗಳ ಪಾತಿಗೆ ಹರಿಸಿ. ಅಡುಗೆಮನೆಯ ನೀರನ್ನು ಅದಕ್ಕೆ ಸೇರಿಸಬೇಡಿ. ಜಿಡ್ಡು ಕಟ್ಟಿ ನಾರುತ್ತದೆ, ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ.