ಒಳಗಿಂದ ಹೊರಗೆ ಥ್ರೆಡ್: ನನ್ನ ಅನುಭವ

ಲೇತ್‌ನಲ್ಲಿ ಬ್ಲೈಂಡ್ ಬೋರ್ (ತಳ ಮುಚ್ಚಿದ ರಂಧ್ರ) ಒಳಗೆ ಥ್ರೆಡ್ ಕಟ್ ಮಾಡಬೇಕು: ಎಂ36 (36 ಎಂಎಂ ವ್ಯಾಸ), 2 ಎಂಎಂ ಪಿಚ್ (ಥ್ರೆಡ್‌ನ ಎರಡು ಸುತ್ತಿನ ನಡುವಿನ ಅಂತರ). ಇಎನ್8 ಉಕ್ಕು, ಸುಮಾರು 200 ಪೀಸ್. ಪೀಣ್ಯದಲ್ಲಿ ನಾಲ್ಕು ಶೆಡ್ ಸುತ್ತಿ ನನ್ನ ಹತ್ತಿರ ಬಂದ ಜಾಬ್ ಅದು.

ಮೊದಲ ವಾರ ಎಲ್ಲರ ಹಾಗೇ ಮಾಡಿದೆ. 60 ಆರ್‌ಪಿಎಂ, ಟೂಲ್ ಒಳಗೆ ಹೋಗಬೇಕು, ಥ್ರೆಡ್ ಮುಗಿಯುವಲ್ಲಿ ಮೊದಲೇ ಕೊರೆದ ಗ್ರೂವ್ ಬರುತ್ತಿದ್ದಂತೆ ಹಾಫ್ ನಟ್ (ಟೂಲನ್ನು ಓಡಿಸುವ ಲೀಡ್ ಸ್ಕ್ರೂಗೆ ಕಚ್ಚಿಕೊಳ್ಳುವ ನಟ್) ಎತ್ತಿ ಟೂಲ್ ನಿಲ್ಲಿಸಬೇಕು. ಬೋರ್ ಒಳಗೆ ಕಣ್ಣಿಗೆ ಏನೂ ಕಾಣಲ್ಲ. ಅರ್ಧ ಸೆಕೆಂಡ್ ತಡವಾದರೆ ಟೂಲ್ ತಳಕ್ಕೆ ಹೊಡೆಯುತ್ತದೆ. 11 ಪೀಸ್ ರಿಜೆಕ್ಟ್ ಆಯಿತು. ಮೆಟೀರಿಯಲ್ ಜಾಬ್ ಕೊಟ್ಟವರದು, ಪೀಸಿಗೆ 400 ರೂಪಾಯಿಯಂತೆ ಬಿಲ್ಲಲ್ಲಿ ಮುರಿದುಕೊಂಡರು. ನನಗೆ ಸಿಗುತ್ತಿದ್ದದ್ದು ಪೀಸಿಗೆ 90.

ಆಗ ಸ್ಪಿಂಡಲ್ (ಪೀಸನ್ನು ತಿರುಗಿಸುವ ಭಾಗ) ರಿವರ್ಸ್ ತಿರುಗಿಸಿ ಗ್ರೂವ್‌ನಿಂದ ಹೊರಗೆ ಕಟ್ ಮಾಡೋಣ ಅಂದೆ. ‘ಬೇಡಿ ಸಾರ್, ಎಡಗೈ ಥ್ರೆಡ್ ಆಗುತ್ತೆ’ ಅಂದರು ನಮ್ಮ ಹಿರಿಯ ಟರ್ನರ್. ಆಗಲ್ಲ. ಸ್ಪಿಂಡಲ್ ಜೊತೆ ಲೀಡ್ ಸ್ಕ್ರೂನೂ ಉಲ್ಟಾ ತಿರುಗುತ್ತದೆ ಅಲ್ವಾ? ಅವರ ಇನ್ನೊಂದು ಭಯ ಮಾತ್ರ ಸರಿ. ಸ್ಪಿಂಡಲ್‌ನ ಥ್ರೆಡ್ ಮೇಲೆ ಕೂರುವ ಚಕ್ (ಪೀಸ್ ಹಿಡಿಯುವ ಭಾಗ) ಇದ್ದರೆ ರಿವರ್ಸ್‌ನಲ್ಲಿ ಬಿಚ್ಚಿಕೊಂಡು ಬರುತ್ತದೆ. ಅಂಥ ಲೇತ್‌ನಲ್ಲಿ ಇದನ್ನು ಮಾಡಲೇಬೇಡಿ. ನನ್ನದು ಕ್ಯಾಮ್‌ಲಾಕ್, ಚಕ್ ಥ್ರೆಡ್ ಇಲ್ಲದೆ ಲಾಕ್ ಆಗುತ್ತದೆ.

ಮೊದಲು ಟೂಲನ್ನು ತಲೆಕೆಳಗೆ ಮಾಡಿ ನಮ್ಮ ಕಡೆಯ ಗೋಡೆಯಲ್ಲೇ ಕಟ್ ಮಾಡಿದೆ. ಕಟಿಂಗ್ ಲೋಡ್ ಟೂಲ್ ಹಿಡಿದ ಬೋರಿಂಗ್ ಬಾರನ್ನು ಮೇಲಕ್ಕೆ ಎತ್ತಿತು. ಒಂದೇ ಸಮನೆ ಚ್ಯಾಟರ್ (ಅದುರಾಟ), ಥ್ರೆಡ್ ಮೇಲೆಲ್ಲ ಅಲೆ. ಎರಡು ದಿನ ಅದರಲ್ಲೇ ಹೋಯಿತು. ಆಮೇಲೆ ಟೂಲ್ ಮುಖ ಮೇಲಕ್ಕೇ ಇಟ್ಟು, ಮೂತಿಯನ್ನು ಆಚೆ ಗೋಡೆಗೆ ತಿರುಗಿಸಿದೆ. ಲೋಡ್ ಕೆಳಕ್ಕೆ ಬಂತು, ಚ್ಯಾಟರ್ ನಿಂತಿತು. ಒಂದು ಎಚ್ಚರ: ಡೆಪ್ತ್ ಕೊಡುವ ಹ್ಯಾಂಡಲ್‌ ದಿಕ್ಕು ಬದಲಾಗುತ್ತದೆ. ಹಳೇ ಅಭ್ಯಾಸದಲ್ಲಿ ತಿರುಗಿಸಿ ಎರಡು ಟೂಲ್ ಮುರಿದೆ.

ಗ್ರೂವ್ 4 ಎಂಎಂ, ಥ್ರೆಡ್ಡಿಗಿಂತ ಆಳ. ಕ್ಯಾರೇಜ್ (ಟೂಲ್ ಹೊತ್ತು ಜಾರುವ ಭಾಗ) ಸ್ಟಾಪ್‌ಗೆ ತಾಗಿಸಿ, ಡೆಪ್ತ್ ಕೊಟ್ಟು, ಹಾಫ್ ನಟ್ ಹಾಕಿದರೆ ಟೂಲ್ ತಾನೇ ಹೊರಗೆ ಬರುತ್ತದೆ. ನನ್ನ ಲೀಡ್ ಸ್ಕ್ರೂ ಪಿಚ್ 6 ಎಂಎಂ, ಥ್ರೆಡ್ ಪಿಚ್ 2; 6ನ್ನು 2 ಸರಿಯಾಗಿ ಭಾಗಿಸುತ್ತದೆ. ಹಾಗಾಗಿ ಚೇಸಿಂಗ್ ಡಯಲ್ (ಹಾಫ್ ನಟ್ ಯಾವಾಗ ಹಾಕಬೇಕು ಅಂತ ತೋರಿಸುವ ಡಯಲ್) ನೋಡುವ ಗೋಜೇ ಇಲ್ಲ. ಸ್ಪೀಡ್ 60ರಿಂದ 250ಕ್ಕೆ ಏರಿಸಿದೆ. 20 ನಿಮಿಷದ ಪೀಸ್ 7 ನಿಮಿಷಕ್ಕೆ ಇಳಿಯಿತು. ಟೂಲ್‌ನ ಹಿಮ್ಮಡಿ ಬೋರ್‌ಗೆ ಉಜ್ಜದ ಹಾಗೆ ಹೇಗೆ ಗ್ರೈಂಡ್ ಮಾಡುತ್ತೇನೆ ಅನ್ನೋದನ್ನು ಮಾತ್ರ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು.

ಇದೇ ಜೋಶ್‌ನಲ್ಲಿ ಅಲ್ಯೂಮಿನಿಯಂ ಪೀಸಿಗೂ ಮಾಡಿ ನೋಡಿದೆ, ಸೀಮೆಎಣ್ಣೆ ಹಚ್ಚಿ. ಥ್ರೆಡ್ ಕನ್ನಡಿ ಥರ ಬಂತು. ಆದರೆ ಚಿಪ್ಸ್ ಉದ್ದುದ್ದ ಬಂದು ಬಾರ್‌ಗೆ ಸುತ್ತಿಕೊಳ್ಳುತ್ತದೆ, ಪ್ರತಿ ಪಾಸಿಗೂ ನಿಲ್ಲಿಸಿ ತೆಗೆಯಬೇಕು.

ಕೊನೆಯ 150 ಪೀಸ್‌ನಲ್ಲಿ ಒಂದೂ ರಿಜೆಕ್ಟ್ ಇಲ್ಲ. ಈಗ ನಮ್ಮ ಹಿರಿಯ ಟರ್ನರ್ ನನ್ನನ್ನು ಕೇಳದೆಯೇ ಲಿವರನ್ನು ರಿವರ್ಸ್‌ಗೆ ಹಾಕುತ್ತಾರೆ.