ಪುಟಸಂಖ್ಯೆಯನ್ನು ಕೊಂಡಿ ಮಾಡುವುದು: ನಾನು ಅನುಸರಿಸುವ ಕ್ರಮ

ಅಚ್ಚಿನ ಪುಸ್ತಕವನ್ನು ಜಾಲಪುಟವಾಗಿಸುವಾಗ ‘ಪುಟ 112 ನೋಡಿ’ ಎಂಬಂಥ ಮಾತುಗಳನ್ನು, ಒತ್ತಿದರೆ ಆ ಜಾಗಕ್ಕೇ ಒಯ್ಯುವ ಕೊಂಡಿ (ಲಿಂಕ್) ಮಾಡಬೇಕಾಗುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪಾದ ಹಳೆಯ ಪುಸ್ತಕದ ಕಡತವನ್ನು ಯೂನಿಕೋಡ್‌ಗೆ ತಿರುಗಿಸಿ, ಅರ್ಕಾವತ್ತುಗಳನ್ನು ಒಮ್ಮೆ ತಿದ್ದಿಕೊಂಡ ಮೇಲೆಯೇ ಕೊಂಡಿ ಹಾಕಲು ಕೂರುತ್ತೇನೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರವಾದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಅಕ್ಷರಕ್ಕಿಂತ ಮೊದಲೇ ಇರಬೇಕು. ಇದು ಕೆಟ್ಟರೆ ‘ಧರ್ಮ’ ಎಂದು ಹುಡುಕಿದರೆ ಸಿಗುವುದೇ ಇಲ್ಲ.

ಪುಟ ಒಡೆಯುವ ಜಾಗಗಳನ್ನು ಅಳಿಸಬೇಡಿ. ‘ನೋಡಿ: ಪುಟ 112’ ಎಂಬುದಕ್ಕೆ ಇರುವ ವಿಳಾಸ ಅದೊಂದೇ. ಪ್ರತಿ ಪುಟದ ಆರಂಭಕ್ಕೂ ಒಂದು ಐಡಿ (ಕೊಂಡಿ ಬಂದು ಸೇರುವ ಜಾಗದ ಗುರುತು) ಕೊಡುತ್ತೇನೆ, ಅದೂ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ. ಕನ್ನಡದ ಐಡಿ ಕೆಲಸ ಮಾಡುತ್ತದೆ, ಆದರೆ ಕೊಂಡಿಯನ್ನು ನಕಲು ಮಾಡಿ ಕಳಿಸಿದಾಗ ಒಂದೊಂದು ಯೂನಿಕೋಡ್ ಸಂಕೇತವೂ 9 ಚಿಹ್ನೆಗಳಾಗಿ ಹಿಗ್ಗುತ್ತದೆ: ‘ಕನ್ನಡ’ ಎಂಬ ಪದದಲ್ಲಿ ವಿರಾಮ ಚಿಹ್ನೆ ‘್’ ಸೇರಿ ಐದು ಸಂಕೇತ, ಅಂದರೆ 45 ಚಿಹ್ನೆ. ಅಡಿಟಿಪ್ಪಣಿಗಳು ಪುಟಪುಟಕ್ಕೂ 1ರಿಂದ ಶುರುವಾಗಿದ್ದರೆ ಅಧ್ಯಾಯದ ಸಂಖ್ಯೆ ಸೇರಿಸಿ 3-1, 3-2 ಎಂದು ಹೊಸದಾಗಿ ಕೊಡಬೇಕು. ಆಮೇಲೆ ಕಡತದ ರೂಪ ಬದಲಿಸುವ ತಂತ್ರಾಂಶ ಪ್ಯಾಂಡಾಕ್‌ಗೆ ಕೊಟ್ಟರೆ ಹೋಗುವ, ಹಿಂದಿರುಗುವ ಕೊಂಡಿಗಳೆರಡನ್ನೂ ಅದೇ ಕಟ್ಟುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಪದಸೂಚಿ. ‘ಮೈಸೂರು’ ಎಂದು ಹುಡುಕಿ ಕೊಂಡಿ ಹಾಕಿದರೆ ‘ಮೈಸೂರಿನ’, ‘ಮೈಸೂರಿಗೆ’ ತಪ್ಪಿಹೋಗುತ್ತವೆ. ‘ಮೈಸೂರ’ ಎಂದು ಹುಡುಕಿದರೆ ಎಲ್ಲವೂ ಸಿಗುತ್ತವೆ, ಮೈಸೂರುಪಾಕೂ ಸೇರಿ. ಅಷ್ಟೇ ಅಲ್ಲ, ಕೊಂಡಿಯ ಆರಂಭ, ಕೊನೆಗಳನ್ನು ಸೂಚಿಸುವ ಟ್ಯಾಗ್ ‘ರ’ ಮತ್ತು ‘ಿ’ ನಡುವೆ ಮುಚ್ಚಿಕೊಂಡರೆ ಗುಣಿತ ಕಳಚಿ, ಹಲವು ಕಡೆ ಚುಕ್ಕೆಗಳ ವೃತ್ತ ಕಾಣುತ್ತದೆ. ಆದ್ದರಿಂದ ಹುಡುಕಾಟ ಪದದ ಪ್ರಕೃತಿಯ (ಪ್ರತ್ಯಯವಿಲ್ಲದ ಮೂಲರೂಪದ) ಮೇಲಿರಲಿ, ಟ್ಯಾಗ್ ಮಾತ್ರ ಪ್ರತ್ಯಯವೂ ಸೇರಿದ ಇಡೀ ಪದವನ್ನು ಸುತ್ತಲಿ. ಒಂದೊಂದನ್ನೂ ಕಣ್ಣಿಂದ ನೋಡಿಯೇ ಒಪ್ಪಬೇಕು. ‘ಎಲ್ಲ ಬದಲಿಸು’ ಗುಂಡಿಯನ್ನು ನಾನು ಒತ್ತುವುದಿಲ್ಲ.

‘ಮೇಲೆ ಹೇಳಿದಂತೆ’ ಎಂಬ ಮಾತನ್ನೂ ಹುಡುಕಿ. ಹುಡುಕುತಾಣದಿಂದ ನೇರವಾಗಿ ಐದನೆಯ ಅಧ್ಯಾಯಕ್ಕೆ ಇಳಿದವರಿಗೆ ‘ಮೇಲೆ’ ಏನೂ ಇಲ್ಲ. ಅಲ್ಲಿ ಅಧ್ಯಾಯದ ಹೆಸರು ಬರೆದು ಅದಕ್ಕೇ ಕೊಂಡಿ ಕೊಡುವುದು ಲೇಸು.

ತಿರುಗಿ ಅಚ್ಚಿಗೆ ತರುವಾಗ ‘ಇಲ್ಲಿ ಒತ್ತಿ’ ಎಂಬವೆಲ್ಲ ಸಾಯುತ್ತವೆ. ಬ್ರೌಸರ್‌ನಿಂದ ನೇರ ಪ್ರಿಂಟ್ ತೆಗೆದರೆ ಅಡಿಗೆರೆ ಉಳಿದು, ಎಲ್ಲಿಗೆ ಎಂಬುದು ಹೋಗುತ್ತದೆ. ಜಾಲಪುಟವನ್ನು ಪಿಡಿಎಫ್ ಮಾಡುವ ತಂತ್ರಾಂಶ ವೀಸಿಪ್ರಿಂಟ್‌ನಲ್ಲಿ, ಪುಟದ ವಿನ್ಯಾಸ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಟಾರ್ಗೆಟ್-ಕೌಂಟರ್ ಬಳಸಿದರೆ ಕೊಂಡಿಯ ಪಕ್ಕ ಹೊಸ ಪುಟಸಂಖ್ಯೆ ತಾನಾಗಿ ಬೀಳುತ್ತದೆ. ಹಳೆಯ ಮುದ್ರಣದ ಸಂಖ್ಯೆಯನ್ನೂ ಅಂಚಿನಲ್ಲಿ ಚಿಕ್ಕದಾಗಿ ಉಳಿಸುತ್ತೇನೆ, ಬೇರೆ ಪುಸ್ತಕಗಳ ಉಲ್ಲೇಖಗಳು ಅದನ್ನೇ ನಂಬಿವೆ.