ಹಳ್ಳದ ಪಂಪಿಗೆ ಹೋಗುವ ವೋಲ್ಟೇಜ್ ಎಲ್ಲಿ ಸೋರುತ್ತಿತ್ತು?

ಶಿರಸಿ ಕಡೆಯ ತುಂಬಾ ತೋಟಗಳ ಹಾಗೆ ನಮ್ಮ ಅಡಿಕೆ ತೋಟವೂ ಕಣಿವೆಯಲ್ಲಿದೆ. ಮನೆ ಮೇಲೆ, ಹಳ್ಳ ಕೆಳಗೆ. ಮೀಟರ್ ಬೋರ್ಡಿನಿಂದ ಪಂಪಿಗೆ 120 ಮೀಟರ್ ದೂರ. ಕಳೆದ ಬೇಸಿಗೆಯಲ್ಲಿ 1 ಎಚ್‌ಪಿ ಮೋಟಾರ್ ಸಂಜೆ ಹೊತ್ತು ಬರೀ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಎರಡು ಸಲ ಕೆಪಾಸಿಟರ್ ಬದಲಿಸಿದೆ. ವೈಂಡಿಂಗ್ ಹೋಗಿರಬೇಕು, ಬಿಚ್ಚಿಸಿ ಅಂದರು. ಬಿಚ್ಚಿಸುವ ಮೊದಲು ಒಮ್ಮೆ ಅಳೆದು ನೋಡೋಣ ಅನ್ನಿಸಿತು.

ಪಂಪ್ ಹತ್ತಿರ ಮಲ್ಟಿಮೀಟರ್ ಹಿಡಿದರೆ 220 ವೋಲ್ಟ್. ಮನೆಯಲ್ಲೂ ಅಷ್ಟೇ. ಸರಿಯಾಗಿದೆ ಅಲ್ವಾ ಅಂದುಕೊಂಡೆ. ಆದರೆ ಆಗ ಮೋಟಾರ್ ಆಫ್ ಇತ್ತು. ಕರೆಂಟ್ ಹರಿಯದಿದ್ದರೆ ವೈರಿನಲ್ಲಿ ವೋಲ್ಟೇಜ್ ಬೀಳುವುದೇ ಇಲ್ಲ. ಲೋಡ್ ಹಾಕಿಯೇ ನೋಡಬೇಕು.

ಮೋಟಾರನ್ನೇ ಲೋಡ್ ಮಾಡಿದರೆ ಲೆಕ್ಕ ಗೋಜಲು. ಅದರ ವೈಂಡಿಂಗಿನ (ಒಳಗಿನ ತಂತಿ ಸುತ್ತಿನ) ತಡೆ 3 ಓಮ್ ತೋರಿಸಿತು. 230ನ್ನು 3ರಿಂದ ಭಾಗಿಸಿದರೆ ಸುಮಾರು 77 ಆಂಪಿಯರ್ ಬರುತ್ತದೆ, ಓಡುವಾಗ ಎಳೆಯುವುದು 7 ಮಾತ್ರ. ತಿರುಗುವ ಮೋಟಾರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ವ್ಯಾಟ್ ಬೇಕಾದರೆ ಪವರ್ ಫ್ಯಾಕ್ಟರ್, ಅಂದರೆ ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಬೇರೆ ಗುಣಿಸಬೇಕು. ನೀರು ಕಾಯಿಸುವ ಕಾಯಿಲ್ ಹಾಗಲ್ಲ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಎರಡನ್ನೂ ಗುಣಿಸಿದರೆ ವ್ಯಾಟ್, ಅಷ್ಟೇ. ಹಾಗಾಗಿ ಪಂಪಿನ ವೈರ್ ಬಿಡಿಸಿ, ಪ್ಲಾಸ್ಟಿಕ್ ಬಕೆಟ್ ತುಂಬಾ ನೀರಿಟ್ಟು 1500 ವ್ಯಾಟಿನ ಕಾಯಿಲ್ ಮುಳುಗಿಸಿದೆ. ಆನ್ ಇರುವಾಗ ಆ ನೀರನ್ನು ಮುಟ್ಟಲೇಬಾರದು.

ಮನೆಯಲ್ಲಿ 218 ವೋಲ್ಟ್. ಹಳ್ಳದಲ್ಲಿ 198. ಕ್ಲಾಂಪ್ ಮೀಟರಿನಲ್ಲಿ 5.6 ಆಂಪಿಯರ್. ಅಂದರೆ 1500ರ ಕಾಯಿಲ್ ಕೊಡುತ್ತಿದ್ದದ್ದು ಸುಮಾರು 1110 ವ್ಯಾಟ್. ನಡುವೆ 20 ವೋಲ್ಟ್ ಕಾಣೆ. 20ನ್ನು 5.6ರಿಂದ ಭಾಗಿಸಿದರೆ ದಾರಿಯ ತಡೆ ಸುಮಾರು 3.6 ಓಮ್.

ವೈರೇ ಅಷ್ಟು ತಡೆಯುತ್ತದಾ? ನಮ್ಮದು 2.5 ಚದರ ಮಿಲಿಮೀಟರ್ ತಾಮ್ರ. ಹೋಗುವುದು, ಬರುವುದು ಸೇರಿ 240 ಮೀಟರ್. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಡೆ 0.0172 ಓಮ್. ಅದನ್ನು 240ರಿಂದ ಗುಣಿಸಿ 2.5ರಿಂದ ಭಾಗಿಸಿದೆ. 1.65 ಓಮ್. ಉಳಿದ ಎರಡು ಓಮ್ ಹತ್ತಿರದ್ದು ವೈರಿನದ್ದಲ್ಲ!

ಮೋಟಾರ್ ಹೊರಡುವಾಗ ಓಡುವಾಗಿನ ಐದು ಪಟ್ಟು, ಅಂದರೆ 35 ಆಂಪಿಯರ್ ಬೇಡುತ್ತದೆ. ಅದನ್ನು 3.6ರಿಂದ ಗುಣಿಸಿದರೆ 126 ವೋಲ್ಟ್. ಅಷ್ಟು ದಾರಿಯಲ್ಲೇ ಹೋಗುವುದಾದರೆ ಮೋಟಾರ್ ಏಳುವುದಾದರೂ ಹೇಗೆ? ಸಂಜೆ ಲೈನಿನಲ್ಲೇ ವೋಲ್ಟೇಜ್ ಕಡಿಮೆ, ಅದಕ್ಕೇ ಆಗ ಮಾತ್ರ ಹಟ.

ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ವೈರಿನ ಗುಂಟ ಇಳಿದೆ. ತೋಟದ ಅಂಚಿನಲ್ಲಿ ಎರಡು ಹಳೇ ಜಾಯಿಂಟ್. ಸುಮ್ನೆ ತಿರುಚಿ ಟೇಪ್ ಸುತ್ತಿದ್ದು. ಮಳೆಗಾಲದ ನೀರು ಒಳಗೆ ಹೋಗಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಟೇಪ್ ಕರಗಿ ಕಪ್ಪಾಗಿತ್ತು. ಕಾಯಿಲ್ ಎಳೆದ ಕರೆಂಟಿನ ವರ್ಗವನ್ನು ಆ ಉಳಿದ ಎರಡು ಓಮಿನಿಂದ ಗುಣಿಸಿ ನೋಡಿ: ಅಲ್ಲಿ ಸುಮಾರು 60 ವ್ಯಾಟ್ ಬಿಸಿಯಾಗಿ ಹೋಗುತ್ತಿತ್ತು. ಕೆಳಗೆ ಒಣಗಿದ ಅಡಿಕೆ ಸೋಗೆ ಬಿದ್ದಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು.

ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಉಜ್ಜಿ, ಲೋಹದ ಸಣ್ಣ ಕೊಳವೆ (ಸ್ಲೀವ್) ಹಾಕಿ ಬಿಗಿಯಾಗಿ ಒತ್ತಿ ಕ್ರಿಂಪ್ ಮಾಡಿದೆ. ನೀರು ಹೋಗದ ಬಾಕ್ಸಿನೊಳಗಿಟ್ಟೆ. ಮತ್ತೆ ಕಾಯಿಲ್ ಹಾಕಿದರೆ ಹಳ್ಳದಲ್ಲಿ 208 ವೋಲ್ಟ್, 5.9 ಆಂಪಿಯರ್. ಮನೆಯ 218ರಿಂದ ಈಗ 10 ವೋಲ್ಟ್ ಮಾತ್ರ ಕಾಣೆ, ತಡೆ 1.7 ಓಮ್. ಅವತ್ತು ಸಂಜೆ ಏಳಕ್ಕೆ ಸ್ವಿಚ್ ಒತ್ತಿದೆ, ಪಂಪ್ ಒಂದೇ ಸಲಕ್ಕೆ ಹೊರಟಿತು.

ಆ ಅಂಕಿಗಳನ್ನು ಬರೆದು ಬೋರ್ಡಿನ ಬಾಗಿಲಿಗೆ ಅಂಟಿಸಿದ್ದೇನೆ. ಮಳೆಗಾಲ ಮುಗಿದ ಮೇಲೆ ಮತ್ತೆ ಬಕೆಟ್ ಇಟ್ಟು ಅಳೆದೆ. ಆಗಲೂ 1.7.